6 ವೋಲ್ಟ್ ಟ್ರ್ಯಾಕ್ಟರಿಗೆ 12 ವೋಲ್ಟ್ ಬ್ಯಾಟರಿ ಇಟ್ಟರಷ್ಟೇ ಸಾಕೆ?

ಪ್ರಶ್ನೆ: ನಮ್ಮಲ್ಲಿ 1950ರ ಸುಮಾರಿನ ಪೆಟ್ರೋಲ್ ಟ್ರ್ಯಾಕ್ಟರ್ ಇದೆ. 6 ವೋಲ್ಟ್ ಬ್ಯಾಟರಿ, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ಚಾಸಿಗೆ), ಚಾರ್ಜ್ ಮಾಡಲು ಡೈನಮೊ, ಪಾಯಿಂಟ್ (ಕಾಯಿಲ್‌ನ ಕರೆಂಟ್ ಕೂಡಿಸಿ ಬಿಡಿಸುವ ಸಂಪರ್ಕ) ಇರುವ ಡಿಸ್ಟ್ರಿಬ್ಯೂಟರ್. ಕೆಲವು ಕಾಲದಿಂದ ಸೆಲ್ಫ್ ಹೊಡೆದರೆ ಎಂಜಿನ್ ನರಳುತ್ತಾ ತಿರುಗುತ್ತಿತ್ತು. ಬಿಸಿಯಾದ ಮೇಲಂತೂ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು. ಕೊನೆಗೆ ಮೆಕ್ಯಾನಿಕ್ ಒಬ್ಬರು '12 ವೋಲ್ಟ್ ಬ್ಯಾಟರಿ ಇಟ್ಟರೆ ಮುಗಿಯಿತು, ಬೇರೇನೂ ಬದಲಿಸಬೇಕಿಲ್ಲ' ಎಂದು ಇಟ್ಟುಕೊಟ್ಟರು. ಈಗ ಎಂಜಿನ್ ಜೋರಾಗಿ ತಿರುಗಿ ತಟ್ಟನೆ ಸ್ಟಾರ್ಟ್ ಆಗುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಇಗ್ನಿಷನ್ ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ. ಇನ್ನೊಬ್ಬರು 'ಸೆಲ್ಫ್ ಮೋಟಾರ್ ಸುಟ್ಟುಹೋಗುತ್ತದೆ' ಎಂದು ಹೆದರಿಸಿದ್ದಾರೆ. ಮುಂದೆ 12 ವೋಲ್ಟಿನ ಸ್ಪ್ರೇ ಪಂಪ್ ಮತ್ತು ಎಲ್‌ಇಡಿ ದೀಪ ಹಾಕಬೇಕೆಂದಿದ್ದೇನೆ. ಪೂರ್ತಿ 12 ವೋಲ್ಟ್ ಮಾಡಿಸಲೇ, ಹಳೆಯದಕ್ಕೇ ಮರಳಲೇ?

ಉತ್ತರ: ಮೊದಲು ಒಂದು ಮಾತು. ಈಗಿರುವ ಸ್ಥಿತಿಯಲ್ಲಿ ಟ್ರ್ಯಾಕ್ಟರ್ ಓಡಿಸಬೇಡಿ. ಕಾಯಿಲ್ ಕಾಯುತ್ತಿರುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಡೈನಮೊ ಕಡೆ ಇದೆ, ಅದು ಇನ್ನೂ ದೊಡ್ಡದು. ನಿಮ್ಮ ಡೈನಮೊ 7 ವೋಲ್ಟ್ ಆಸುಪಾಸಿಗೆ ಬಂದ ಕೂಡಲೇ ಕಟೌಟ್‌ನ (ಡೈನಮೊವನ್ನು ಬ್ಯಾಟರಿಗೆ ತಾನಾಗಿ ಕೂಡಿಸಿ ಬಿಡಿಸುವ ಸ್ವಿಚ್) ಪಾಯಿಂಟ್‌ಗಳು ಕೂಡಿಕೊಳ್ಳುತ್ತವೆ. ಆ ಕಡೆ 12 ವೋಲ್ಟಿನ ಬ್ಯಾಟರಿ ಇರುವುದರಿಂದ ಕರೆಂಟ್ ಡೈನಮೊದಿಂದ ಬ್ಯಾಟರಿಗೆ ಹೋಗುವ ಬದಲು ಬ್ಯಾಟರಿಯಿಂದ ಡೈನಮೊಗೆ ನುಗ್ಗುತ್ತದೆ. ಕಟೌಟ್ ಬಿಟ್ಟುಕೊಳ್ಳುತ್ತದೆ, ಮತ್ತೆ ಕೂಡುತ್ತದೆ, ಮತ್ತೆ ಬಿಡುತ್ತದೆ. ಹೀಗೆ ಬಡಿದುಕೊಂಡು ಒಂದು ದಿನ ಅದರ ಪಾಯಿಂಟ್‌ಗಳು ಬೆಸುಗೆಯಾಗಿ ಅಂಟಿಕೊಂಡರೆ, ಎಂಜಿನ್ ನಿಂತಿರುವಾಗಲೂ ಬ್ಯಾಟರಿಯ ಪೂರ್ತಿ ಕರೆಂಟ್ ಡೈನಮೊದಲ್ಲಿ ಹರಿಯುತ್ತದೆ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಫ್ಯೂಸ್ ಇಲ್ಲದಿರುವುದೇ ಹೆಚ್ಚು. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ವೈರ್ ಹೊತ್ತಿಕೊಳ್ಳಲು ಇಷ್ಟೇ ಸಾಕು. ಆದ್ದರಿಂದ ಇಂದೇ ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿಡಿ.

ಇನ್ನು ನಿಮ್ಮ ಮೂಲ ತೊಂದರೆಗೆ ಬರೋಣ. ಎಂಜಿನ್ ನರಳುತ್ತಿದ್ದುದಕ್ಕೆ 6 ವೋಲ್ಟ್ ಕಾರಣವೇ? ಅದೇ ಎಂಜಿನ್ ಹೊಸದಾಗಿದ್ದಾಗ ಅದೇ 6 ವೋಲ್ಟಿನಲ್ಲಿ ಚಳಿಗಾಲದಲ್ಲೂ ಸ್ಟಾರ್ಟ್ ಆಗುತ್ತಿತ್ತು. ನಡುವೆ ಬದಲಾದದ್ದು ಕೇಬಲ್, ಅದರ ತುದಿಯ ಲಗ್, ಅರ್ಥ್, ಸೆಲ್ಫ್ ಮೋಟಾರಿನ ಬುಷ್ (ಅಚ್ಚನ್ನು ಹಿಡಿಯುವ ಬೇರಿಂಗ್) ಮತ್ತು ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತುಂಡು).

ಲೆಕ್ಕ ನೋಡಿ. ಇಂಥ ಸೆಲ್ಫ್ ಮೋಟಾರ್ ಎಂಜಿನ್ ತಿರುಗಿಸುವಾಗ 200 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕೇಬಲ್, ಲಗ್, ಅರ್ಥ್ ಎಲ್ಲ ಸೇರಿ ಬರೀ 0.005 ಓಮ್ ಪ್ರತಿರೋಧ ಇದ್ದರೂ ದಾರಿಯಲ್ಲೇ 1 ವೋಲ್ಟ್ ಹೋಯಿತು. ಲೋಡ್ ಬಿದ್ದಾಗ 6 ವೋಲ್ಟ್ ಬ್ಯಾಟರಿಯೇ 5ರ ಆಸುಪಾಸಿಗೆ ಇಳಿದಿರುತ್ತದೆ. ಅದರಲ್ಲೂ 1 ಹೋದರೆ ಮೋಟಾರಿಗೆ ಸಿಗುವುದು 4. ಅಷ್ಟು ಸಣ್ಣ ಪ್ರತಿರೋಧವನ್ನು ಮಲ್ಟಿಮೀಟರಿನ ಓಮ್ ಸ್ಕೇಲಿನಲ್ಲಿ ಅಳೆಯಲಾಗದು. ಅಲ್ಲಿ ಕೇಬಲ್ ಸರಿ ಇದೆ ಎಂದೇ ತೋರಿಸುತ್ತದೆ. ವೋಲ್ಟೇಜ್ ಡ್ರಾಪ್ ಅಳೆಯಬೇಕು.

ಅದು ಹೀಗೆ: ಸರಿಯಾಗಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಇಟ್ಟು, ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್‌ನ ಹೈ ಟೆನ್ಷನ್ ವೈರ್ ತೆಗೆದು ಅರ್ಥ್‌ಗೆ ಕಟ್ಟಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಮೀಟರಿನ ಒಂದು ಮೊನೆ ಬ್ಯಾಟರಿಯ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಮೋಟಾರಿನ ಬೋಲ್ಟ್ ಮೇಲೆ. ಮೊನೆಯನ್ನು ಕಂಬಕ್ಕೇ ಇಡಿ, ಕ್ಲಾಂಪಿಗೆ ಇಟ್ಟರೆ ಕಂಬಕ್ಕೂ ಕ್ಲಾಂಪಿಗೂ ನಡುವಿನ ಕೊಳೆ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ದೋಷವಿದೆ. ಬಳಿಕ ಅರ್ಥ್ ಕಡೆಯ ಕಂಬದಿಂದ ಸೆಲ್ಫ್ ಮೋಟಾರಿನ ಬಾಡಿಗೆ ಹೀಗೆಯೇ ಅಳೆಯಿರಿ. ಹೆಚ್ಚಿನ ಬಾರಿ ಕಳ್ಳ ಸಿಕ್ಕಿಬೀಳುವುದು ಇಲ್ಲೇ: ಅರ್ಥ್ ಪಟ್ಟಿಯ ಕೆಳಗೆ ಬಣ್ಣ, ತುಕ್ಕು, ಎಣ್ಣೆ ಜಿಡ್ಡು. ಬೋಲ್ಟ್ ಬಿಚ್ಚಿ ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ.

ಇನ್ನೊಂದು ಸಾಮಾನ್ಯ ದೋಷ, ಯಾರೋ ನಡುವೆ ಕಾರಿನ ತೆಳು ಬ್ಯಾಟರಿ ಕೇಬಲ್ ಹಾಕಿರುವುದು. 6 ವೋಲ್ಟಿಗೆ 50ರಿಂದ 70 ಚದರ ಮಿಲಿಮೀಟರ್ ತಾಮ್ರ ಬೇಕು. ಕಾರಿನ ಕೇಬಲ್ ಹಲವು ವೇಳೆ 16 ಅಥವಾ 25 ಇರುತ್ತದೆ. ಮೇಲಿನ ರಬ್ಬರ್ ದಪ್ಪ ಇರುವುದರಿಂದ ನೋಡಿದವರು ಮೋಸ ಹೋಗುತ್ತಾರೆ. ತುದಿಯಲ್ಲಿ ತಾಮ್ರ ಎಷ್ಟಿದೆ ನೋಡಿ.

ಬಿಸಿಯಾದಾಗ ಮಾತ್ರ ನಿಲ್ಲುತ್ತದೆ ಎಂದಿದ್ದೀರಿ. ಆ ಲಕ್ಷಣ ಸೆಲ್ಫ್ ಮೋಟಾರಿನ ಬುಷ್ ಕಡೆ ಬೆರಳು ಮಾಡುತ್ತದೆ. ಬುಷ್ ಸವೆದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಕೆಳಕ್ಕೆ ಜಗ್ಗಿ ಸುತ್ತಲಿನ ಫೀಲ್ಡ್ ಕಬ್ಬಿಣಕ್ಕೆ ಉಜ್ಜುತ್ತದೆ. ಬಿಚ್ಚಿ ನೋಡಿದರೆ ಆರ್ಮೇಚರ್ ಮೈಮೇಲೆ ಹೊಳೆಯುವ ಗೀರು ಕಾಣುತ್ತದೆ. ಅದು ಇದ್ದರೆ 12 ವೋಲ್ಟ್ ಕೊಟ್ಟರೂ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಇಗ್ನಿಷನ್ ಟೈಮಿಂಗ್ ತೀರ ಮುಂದಿದ್ದರೂ ಬಿಸಿ ಎಂಜಿನ್ ಹೀಗೇ ಒದ್ದು ನಿಲ್ಲಿಸುತ್ತದೆ. ಅದನ್ನೂ ನೋಡಿಸಿ.

ಇವೆಲ್ಲ ಸರಿಪಡಿಸಿದರೆ 6 ವೋಲ್ಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಳೆಯ ಟ್ರ್ಯಾಕ್ಟರನ್ನು ಇದ್ದಂತೆಯೇ ಉಳಿಸಿಕೊಳ್ಳುವವರಿಗೆ ನನ್ನ ಸಲಹೆ ಅದೇ. ಆದರೆ ನಿಮಗೆ ಪಂಪ್ ಬೇಕು, ದೀಪ ಬೇಕು. ಆ ಡೈನಮೊ ಐಡಲ್‌ನಲ್ಲಿ ಚಾರ್ಜ್ ಮಾಡುವುದೇ ಇಲ್ಲ, ಪೂರ್ತಿ ವೇಗದಲ್ಲೂ ಕೊಡುವುದು ಸ್ವಲ್ಪ. ಹಾಗಾಗಿ ನಿಮ್ಮ ವಿಷಯದಲ್ಲಿ 12 ವೋಲ್ಟ್ ಮಾಡಿಸುವುದು ಸರಿ. ಮಾಡಿದರೆ ಪೂರ್ತಿ ಮಾಡಬೇಕು, ಮತ್ತು ಮೇಲಿನ ರಿಪೇರಿ ಮುಗಿಸಿಯೇ ಮಾಡಬೇಕು. 8 ವೋಲ್ಟ್ ಬ್ಯಾಟರಿ ಹಾಕಿ ಎಂದು ಯಾರಾದರೂ ಹೇಳಬಹುದು. ಅದಕ್ಕೆ 9 ವೋಲ್ಟಿಗಿಂತ ಮೇಲೆ ಚಾರ್ಜ್ ಬೇಕು, ಚಾರ್ಜ್ ವೋಲ್ಟೇಜನ್ನು ಮಿತಿಯಲ್ಲಿಡುವ ನಿಮ್ಮ ರೆಗ್ಯುಲೇಟರ್ 7ರ ಆಸುಪಾಸಿನಲ್ಲೇ ನಿಲ್ಲಿಸುತ್ತದೆ. ರೆಗ್ಯುಲೇಟರ್ ತಿದ್ದದಿದ್ದರೆ ಬ್ಯಾಟರಿ ಎಂದೂ ತುಂಬುವುದಿಲ್ಲ, ತಿದ್ದಿದರೆ 6 ವೋಲ್ಟಿನ ಬಲ್ಬುಗಳು ಬೇಗ ಹೋಗುತ್ತವೆ. ಬೇಡ.

ಸೆಲ್ಫ್ ಮೋಟಾರ್ ಸುಡುತ್ತದೆಯೇ?

ತಕ್ಷಣಕ್ಕೆ ಸುಡುವುದಿಲ್ಲ. ಆ ಕಾಲದ ಸೆಲ್ಫ್ ಮೋಟಾರ್ ಸೀರೀಸ್ ವೈಂಡಿಂಗ್‌ನದು (ಫೀಲ್ಡ್, ಆರ್ಮೇಚರ್ ಒಂದರ ಹಿಂದೆ ಒಂದು ಸೇರಿರುತ್ತವೆ), ದಪ್ಪ ತಾಮ್ರದ ಪಟ್ಟಿಯಿಂದ ಸುತ್ತಿದ್ದು. ಪಾಸಿಟಿವ್ ನೆಗೆಟಿವ್ ಅದಲುಬದಲಾದರೂ ಫೀಲ್ಡ್, ಆರ್ಮೇಚರ್ ಎರಡೂ ಒಟ್ಟಿಗೆ ಬದಲಾಗುವುದರಿಂದ ತಿರುಗುವ ದಿಕ್ಕು ಬದಲಾಗದು. 12 ವೋಲ್ಟಿನಲ್ಲಿ ಹೆಚ್ಚು ಕಡಿಮೆ ಎರಡರಷ್ಟು ವೇಗದಲ್ಲಿ ತಿರುಗುತ್ತದೆ. ಹಾಗೆಯೇ ವರ್ಷಗಟ್ಟಲೆ ಓಡುವ ಟ್ರ್ಯಾಕ್ಟರ್‌ಗಳು ಬೇಕಾದಷ್ಟಿವೆ.

ಅಪಾಯ ಬೇರೆ ಕಡೆ ಇದೆ. ಮೊದಲ ಕ್ಷಣದ ಹೊಡೆತ ಜೋರಾಗುವುದರಿಂದ ಬೆಂಡಿಕ್ಸ್ (ಸೆಲ್ಫ್ ಮೋಟಾರನ್ನು ಎಂಜಿನಿಗೆ ಸೇರಿಸುವ ಗೇರ್) ಹಲ್ಲು ಫ್ಲೈವೀಲ್‌ನ ರಿಂಗ್ ಗೇರಿಗೆ ಹೆಚ್ಚು ರಭಸದಲ್ಲಿ ಅಪ್ಪಳಿಸುತ್ತದೆ. ಬೆಂಡಿಕ್ಸ್ ಸ್ಪ್ರಿಂಗ್ ಮುರಿಯುವುದು, ರಿಂಗ್ ಗೇರ್ ಹಲ್ಲು ಚೂರಾಗುವುದು ಇದರಿಂದಲೇ. ಎಂಜಿನ್ ಇನ್ನೂ ತಿರುಗುತ್ತಿರುವಾಗ ಮತ್ತೆ ಸೆಲ್ಫ್ ಹೊಡೆಯಬಾರದು. ಒಮ್ಮೆಗೆ 5 ಸೆಕೆಂಡ್ ಸಾಕು. 10 ಸೆಕೆಂಡಿಗೂ ಹತ್ತದಿದ್ದರೆ ನಿಲ್ಲಿಸಿ, ಮೋಟಾರ್ ಆರಲು ಬಿಟ್ಟು, ಪೆಟ್ರೋಲ್ ಅಥವಾ ಸ್ಪಾರ್ಕ್ ಕಡೆ ದೋಷ ಹುಡುಕಿ.

'12 ವೋಲ್ಟ್ ಆದ ಮೇಲೆ ಕರೆಂಟ್ ಅರ್ಧ, ತೆಳು ಕೇಬಲ್ ಸಾಕು' ಎಂಬ ಮಾತನ್ನು ಇಲ್ಲೇ ಬಿಡಿಸಬೇಕು. ದೀಪಕ್ಕೆ ಆ ಮಾತು ನಿಜ: 6 ವೋಲ್ಟಿನ 35 ವಾಟ್ ಬಲ್ಬ್ ತೆಗೆದು 12 ವೋಲ್ಟಿನ 35 ವಾಟ್ ಬಲ್ಬ್ ಹಾಕಿದರೆ ಕರೆಂಟ್ 5.8ರಿಂದ 2.9 ಆಂಪಿಯರಿಗೆ ಇಳಿಯುತ್ತದೆ. ಆದರೆ ಸೆಲ್ಫ್ ಮೋಟಾರನ್ನು ನೀವು ಬದಲಿಸಿಲ್ಲ. ಅದೇ ಸುರುಳಿ, ಅದೇ ಎಂಜಿನ್ ಭಾರ, ಆದ್ದರಿಂದ ತಿರುಗಿಸುವಾಗಿನ ಕರೆಂಟ್ ಮೊದಲಿನಷ್ಟೇ, ಆರಂಭದ ಕ್ಷಣದಲ್ಲಿ ಮೊದಲಿಗಿಂತ ಹೆಚ್ಚು. ದಪ್ಪ ಕೇಬಲ್ ಹಾಗೇ ಇರಲಿ. ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಕೂಡಿಸುವ ಕಾಂತದ ಸ್ವಿಚ್) ಇದ್ದರೆ ಅದನ್ನು ಮಾತ್ರ 12 ವೋಲ್ಟಿನದಕ್ಕೆ ಬದಲಿಸಿ. ಕೊಳ್ಳುವ ಮುನ್ನ ಸ್ಟಾರ್ಟ್ ಬಟನ್ ಏನು ಮಾಡುತ್ತದೆ ಎಂದು ನೋಡಿಕೊಳ್ಳಿ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ, ಫೋರ್ಡ್ 8ಎನ್ ಅಂಥದ್ದು, ಬಟನ್ ಒತ್ತಿದಾಗ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್ ಅರ್ಥ್‌ಗೆ ಸೇರುತ್ತದೆ. ಬ್ಯಾಟರಿ ಕರೆಂಟ್ ಬಂದರೆ ಕೆಲಸ ಮಾಡುವ ಜಾತಿಯದನ್ನು ಅಲ್ಲಿ ಹಾಕಿದರೆ ಅದು ಅಲುಗುವುದೇ ಇಲ್ಲ. ಕೈಯಿಂದಲೋ ಕಾಲಿಂದಲೋ ಒತ್ತುವ ಸ್ವಿಚ್ ಇದ್ದರೆ ಏನೂ ಬದಲಿಸಬೇಕಿಲ್ಲ.

ಕಾಯಿಲ್

ನಿಮ್ಮ ಕಾಯಿಲ್ ಯಾಕೆ ಕಾಯುತ್ತದೆ? 6 ವೋಲ್ಟ್ ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಸುರುಳಿ) ಸುಮಾರು 1.5 ಓಮ್ ಇರುತ್ತದೆ. ಪಾಯಿಂಟ್ ಕೂಡಿದಾಗ 6 ವೋಲ್ಟಿನಲ್ಲಿ 4 ಆಂಪಿಯರ್, ಅಂದರೆ 24 ವಾಟ್. 12ರಲ್ಲಿ 8 ಆಂಪಿಯರ್, 96 ವಾಟ್. ವೋಲ್ಟೇಜ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಒಳಗಿನ ಇನ್ಸುಲೇಷನ್ ಸುಟ್ಟು, ಡಾಂಬರು ಕರಗಿ ಹೊರಬರುತ್ತದೆ. ಪಾಯಿಂಟ್‌ಗಳು 4 ಆಂಪಿಯರ್ ಆಸುಪಾಸಿಗೆ ಮಾಡಿದವು, ಅವೂ ಕಪ್ಪಾಗಿ ಗುಂಡಿ ಬೀಳುತ್ತವೆ. ಇಷ್ಟು ದಿನ 12 ವೋಲ್ಟಿನಲ್ಲಿ ಓಡಿದ ಆ ಕಾಯಿಲನ್ನು ನಾನಾದರೆ ಮತ್ತೆ ನಂಬುವುದಿಲ್ಲ. ಪಾಯಿಂಟ್ ಕೂಡ ಹೊಸದು ಹಾಕಿಸಿ.

ದಾರಿ ಎರಡು. ಒಂದು, ಒಳಗೇ ಸುಮಾರು 3 ಓಮ್ ಪ್ರೈಮರಿ ಇರುವ 12 ವೋಲ್ಟ್ ಕಾಯಿಲ್. ಅಂಗಡಿಯಲ್ಲಿ '12 ವೋಲ್ಟ್' ಎಂದು ಬರೆದದ್ದೆಲ್ಲ ಇದಲ್ಲ. ಹೊರಗೆ ರೆಸಿಸ್ಟರ್ ಹಾಕಿಯೇ ಬಳಸಬೇಕಾದ 1.5 ಓಮ್ ಕಾಯಿಲ್ ಮೇಲೂ 12 ವೋಲ್ಟ್ ಎಂದೇ ಇರುತ್ತದೆ. ಮೀಟರ್ ಹಿಡಿದು ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಅಳೆದೇ ಕೊಳ್ಳಿ. ಎರಡನೆಯದು, 6 ವೋಲ್ಟ್ ಕಾಯಿಲ್ ಇಟ್ಟುಕೊಂಡು ಅದಕ್ಕೆ ಸರಣಿಯಲ್ಲಿ 1.5 ಓಮ್ ಬ್ಯಾಲಾಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಪ್ರತಿರೋಧ). ಎಂಜಿನ್ ಓಡುವಾಗ 14 ವೋಲ್ಟಿನಲ್ಲಿ 4.7 ಆಂಪಿಯರ್ ಹರಿದರೆ ರೆಸಿಸ್ಟರಿನಲ್ಲೇ 33 ವಾಟ್ ಬಿಸಿ ಹುಟ್ಟುತ್ತದೆ. ಆದ್ದರಿಂದ ಪಿಂಗಾಣಿಯ ಬ್ಯಾಲಾಸ್ಟ್ ಅಥವಾ 50 ವಾಟಿನದೇ ಬೇಕು. ಅದನ್ನು ಟೇಪ್ ಸುತ್ತಿ ವೈರುಗಳ ನಡುವೆ ತುರುಕಬೇಡಿ. ಗಾಳಿಯಾಡುವ ಲೋಹದ ಮೇಲೆ, ಪೆಟ್ರೋಲ್ ಪೈಪಿನಿಂದ ದೂರದಲ್ಲಿ ಬೋಲ್ಟ್ ಹಾಕಿ ಕೂರಿಸಿ. ಡಿಸ್ಟ್ರಿಬ್ಯೂಟರ್ ನೆತ್ತಿಯ ಮೇಲೆ ಚೌಕದ ಕಾಯಿಲ್ ಕೂರುವ ಹಳೆಯ ಫೋರ್ಡ್ 9ಎನ್, 2ಎನ್ ಮತ್ತು ಮೊದಲ 8ಎನ್‌ಗಳಲ್ಲಿ 6 ವೋಲ್ಟಿಗೇ ಒಂದು ರೆಸಿಸ್ಟರ್ ಡ್ಯಾಶ್ ಹಿಂದೆ ಇರುತ್ತದೆ. ಅದನ್ನು ಕಿತ್ತು ಹಾಕುವುದು ಅಲ್ಲಿ ಮೇಲಿಂದ ಮೇಲೆ ಆಗುವ ತಪ್ಪು.

ಜೋಡಿಸಿದ ಮೇಲೆ ಪರೀಕ್ಷೆ ಮಾಡುವಾಗ ಬಹಳ ಜನ ಒಂದು ಕಡೆ ದಾರಿ ತಪ್ಪುತ್ತಾರೆ. ಕೀ ಆನ್ ಮಾಡಿ ಕಾಯಿಲ್‌ಗೆ ಬರುವ ವೋಲ್ಟೇಜ್ ಅಳೆದರೆ 12 ತೋರಿಸುತ್ತದೆ, 'ರೆಸಿಸ್ಟರ್ ಕೆಲಸ ಮಾಡುತ್ತಿಲ್ಲ' ಎಂದು ಇನ್ನೊಂದನ್ನು ಹಾಕುತ್ತಾರೆ. ಆಗ ಪಾಯಿಂಟ್ ತೆರೆದಿರುತ್ತದೆ, ಅಷ್ಟೇ. ಕರೆಂಟ್ ಹರಿಯದೆ ರೆಸಿಸ್ಟರಿನಲ್ಲಿ ವೋಲ್ಟೇಜ್ ಇಳಿಯುವುದಿಲ್ಲ. ಎಂಜಿನನ್ನು ಕೈಯಿಂದ ತುಸು ತಿರುಗಿಸಿ ಪಾಯಿಂಟ್ ಕೂಡಿದ ಜಾಗಕ್ಕೆ ತಂದು ಅಳೆಯಿರಿ, 6ರ ಆಸುಪಾಸು ಬಂದರೆ ಸರಿ. ಅಳತೆ ಮುಗಿದ ತಕ್ಷಣ ಕೀ ಆಫ್ ಮಾಡಿ.

12 ವೋಲ್ಟ್ ಆದರೆ ಸ್ಪಾರ್ಕ್ ಜೋರಾಗುತ್ತದೆ, ಎಂಜಿನಿಗೆ ಶಕ್ತಿ ಬರುತ್ತದೆ ಎಂಬುದೂ ಕೇವಲ ನಂಬಿಕೆ. ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ಅಷ್ಟೇ ಇದ್ದರೆ ಸ್ಪಾರ್ಕ್ ಕೂಡ ಅಷ್ಟೇ. ಪ್ಲಗ್ ಗ್ಯಾಪ್ ಹೆಚ್ಚಿಸಬೇಡಿ. ಪಾಯಿಂಟ್‌ಗೆ ಜೋಡಿಸಿರುವ ಕಂಡೆನ್ಸರ್ ಹಳೆಯದೇ ನಡೆಯುತ್ತದೆ.

ಡೈನಮೊ ಇಳಿಸಿ ಆಲ್ಟರ್ನೇಟರ್

12 ವೋಲ್ಟ್ ಚಾರ್ಜ್ ಮಾಡಲು ಡೈನಮೊ ಬದಲು ಆಲ್ಟರ್ನೇಟರ್ ಹಾಕುತ್ತೇವೆ. ಸಾಮಾನ್ಯವಾಗಿ ಸಿಗುವ ಆಲ್ಟರ್ನೇಟರ್‌ಗಳೆಲ್ಲ ನೆಗೆಟಿವ್ ಅರ್ಥ್‌ನವು. ಪಾಸಿಟಿವ್ ಅರ್ಥ್ ಇರುವಾಗಲೇ ಅದನ್ನು ಜೋಡಿಸಿದರೆ ಕೇಬಲ್ ತಾಗಿದ ಕ್ಷಣದಲ್ಲೇ ಒಳಗಿನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಹೋಗುತ್ತವೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ಈಗ ಚಾಸಿಗೆ. ಇದರೊಂದಿಗೆ ಎರಡು ಕಡೆ ವೈರ್ ಅದಲುಬದಲಾಗಬೇಕು. ಅಮ್ಮೀಟರಿನ ಎರಡು ವೈರ್, ಇಲ್ಲವಾದರೆ ಚಾರ್ಜ್ ಆಗುವಾಗ ಡಿಸ್ಚಾರ್ಜ್ ಎಂದು ತೋರಿಸುತ್ತದೆ. ಮತ್ತು ಕಾಯಿಲ್‌ನ ಎರಡು ಸಣ್ಣ ವೈರ್: ನೆಗೆಟಿವ್ ಅರ್ಥ್‌ನಲ್ಲಿ ಕಾಯಿಲ್‌ನ ನೆಗೆಟಿವ್ ಟರ್ಮಿನಲ್ ಡಿಸ್ಟ್ರಿಬ್ಯೂಟರ್ ಕಡೆಗೆ. ಇದನ್ನು ಮರೆತರೂ ಎಂಜಿನ್ ಓಡುತ್ತದೆ, ಆದರೆ ಪ್ಲಗ್‌ನಲ್ಲಿ ಸ್ಪಾರ್ಕ್ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗಿ ಭಾರ ಎಳೆಯುವಾಗ ಮಿಸ್ ಹೊಡೆಯುತ್ತದೆ. ಹಳೆಯ ರೆಗ್ಯುಲೇಟರ್ ಮತ್ತು ಕಟೌಟ್ ಪೂರ್ತಿ ಹೊರಬರಲಿ. ಆಲ್ಟರ್ನೇಟರ್ ಒಳಗೆ ರೆಗ್ಯುಲೇಟರ್ ಇರುವುದನ್ನೇ ಆರಿಸಿ.

ಒಂದೇ ವೈರಿನ ಆಲ್ಟರ್ನೇಟರ್ ಜೋಡಿಸಲು ಸುಲಭ. ಆದರೆ ಅದು ತಾನಾಗಿ ಎಚ್ಚರಗೊಳ್ಳಲು ವೇಗ ಬೇಕು. ಟ್ರ್ಯಾಕ್ಟರ್ ಎಂಜಿನ್ ನಿಧಾನದ್ದು. ಪ್ರತಿ ಬಾರಿ ಸ್ಟಾರ್ಟ್ ಮಾಡಿ ಒಮ್ಮೆ ರೇಸ್ ಕೊಡದಿದ್ದರೆ ಇಡೀ ದಿನ ಚಾರ್ಜ್ ಆಗದೇ ಹೋಗಬಹುದು. ಹಾಗಾಗಿ ವಾರ್ನಿಂಗ್ ದೀಪದ ಟರ್ಮಿನಲ್ ಇರುವುದೇ ಒಳ್ಳೆಯದು. ಆಲ್ಟರ್ನೇಟರಿನ ದಪ್ಪ ಬೋಲ್ಟಿನಿಂದ ಬ್ಯಾಟರಿಗೆ 6 ಚದರ ಮಿಲಿಮೀಟರ್ ವೈರ್, ಬ್ಯಾಟರಿಯ ಹತ್ತಿರ 50 ಆಂಪಿಯರ್ ಫ್ಯೂಸ್. 35-40 ಆಂಪಿಯರಿನ ಆಲ್ಟರ್ನೇಟರ್ ನಿಮಗೆ ಧಾರಾಳ. ಹಳೆಯ ಅಮ್ಮೀಟರ್ 20 ಅಥವಾ 30ರದಾಗಿದ್ದರೆ ಈ ವೈರನ್ನು ಅದರ ಮೂಲಕ ಹಾಯಿಸಬೇಡಿ, ಪಕ್ಕದಲ್ಲಿ ವೋಲ್ಟ್ ಮೀಟರ್ ಹಾಕಿ.

ವಾರ್ನಿಂಗ್ ಟರ್ಮಿನಲ್‌ಗೆ ಕೀ ಸ್ವಿಚ್‌ನಿಂದ 12 ವೋಲ್ಟ್, 2-3 ವಾಟಿನ ಬಲ್ಬ್ ಮೂಲಕವೇ ವೈರ್ ಬರಬೇಕು. ಬಲ್ಬ್ ಬಿಟ್ಟು ನೇರ ವೈರ್ ಕೊಟ್ಟರೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದಿರಬಹುದು. ಆಲ್ಟರ್ನೇಟರ್‌ನಿಂದ ಕರೆಂಟ್ ಅದೇ ವೈರಿನಲ್ಲಿ ಹಿಂದಕ್ಕೆ ಬಂದು ಕಾಯಿಲ್‌ಗೆ ಸಿಗುತ್ತಿರುತ್ತದೆ. ಬಲ್ಬ್ ಇದ್ದೂ ನಿಲ್ಲದಿದ್ದರೆ ಸರಣಿಯಲ್ಲಿ 3 ಆಂಪಿಯರಿನ ಡಯೋಡ್ ಹಾಕಿ, ಅದರ ಪಟ್ಟೆಯ ಗುರುತು ಆಲ್ಟರ್ನೇಟರ್ ಕಡೆಗಿರಲಿ.

ಬ್ರಾಕೆಟ್ ಕೆಲಸದಲ್ಲಿ ಅವಸರ ಬೇಡ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು ನಿಮ್ಮ ಬೆಲ್ಟಿನ ಅಗಲಕ್ಕೆ ಹೊಂದಬೇಕು. ಎಂಜಿನ್ ಪುಲ್ಲಿಯಿಂದ ಆಲ್ಟರ್ನೇಟರ್ ಪುಲ್ಲಿಗೆ ನೇರ ಪಟ್ಟಿ ಇಟ್ಟು ನೋಡಿದಾಗ ಎರಡೂ ಒಂದೇ ಗೆರೆಯಲ್ಲಿರಬೇಕು. ಓರೆಯಾದರೆ ಬೆಲ್ಟ್ ಅಂಚು ಸವೆದು ನೂಲು ಬಿಡುತ್ತದೆ. ಬ್ರಾಕೆಟ್‌ಗೆ ಬಣ್ಣ ಬಳಿದಿದ್ದರೆ ಆಲ್ಟರ್ನೇಟರ್ ಬಾಡಿಯಿಂದ ಎಂಜಿನಿಗೆ ಪ್ರತ್ಯೇಕ ಅರ್ಥ್ ವೈರ್ ಕೊಡಿ.

ಉಳಿದದ್ದು ಚಿಕ್ಕದು. ಬಲ್ಬುಗಳೆಲ್ಲ 12 ವೋಲ್ಟಿನವಾಗಲಿ. ಕರೆಂಟಿನ ಪೆಟ್ರೋಲ್ ಗೇಜ್ ಇದ್ದರೆ ಅದಕ್ಕೆ ವೋಲ್ಟೇಜ್ ಇಳಿಸುವ ಸಾಧನ ಬೇಕು. ಆಯಿಲ್ ಪ್ರೆಶರ್ ಗೇಜ್ ಪೈಪಿನದಾದರೆ ಅದಕ್ಕೂ ವೋಲ್ಟಿಗೂ ಸಂಬಂಧವಿಲ್ಲ. ಬಟ್ಟೆ ಸುತ್ತಿದ ಹಳೆಯ ವೈರನ್ನು ಬಗ್ಗಿಸಿದಾಗ ಬಿರುಕು ಬಿಟ್ಟರೆ ಪೂರ್ತಿ ವೈರಿಂಗ್ ಬದಲಿಸಿ. ಇಗ್ನಿಷನ್‌ಗೆ 10, ದೀಪಗಳಿಗೆ 15 ಆಂಪಿಯರ್ ಫ್ಯೂಸ್ ಸೇರಿಸಿ. ಹೊಸ ಬ್ಯಾಟರಿ ಹಳೆಯ ಪೆಟ್ಟಿಗೆಗಿಂತ ಎತ್ತರವಿದ್ದರೆ ಬಾನೆಟ್ ಮುಚ್ಚಿದಾಗ ಅದರ ಟರ್ಮಿನಲ್ ಲೋಹಕ್ಕೆ ತಾಗುತ್ತದೆ. ಬಾನೆಟ್ ಮುಚ್ಚುವ ಮುನ್ನ ಅಂತರ ಅಳೆದು ನೋಡಿ, ಟರ್ಮಿನಲ್‌ಗೆ ರಬ್ಬರ್ ಟೋಪಿ ಹಾಕಿ, ಬ್ಯಾಟರಿ ಅಲುಗಾಡದಂತೆ ಪಟ್ಟಿ ಬಿಗಿಯಿರಿ.

ಕೆಲಸದುದ್ದಕ್ಕೂ ಅರ್ಥ್ ಕೇಬಲ್ ಮೊದಲು ಬಿಚ್ಚಬೇಕು, ಕೊನೆಗೆ ಜೋಡಿಸಬೇಕು. ಅರ್ಥ್ ಬಿಚ್ಚಿದ್ದರೆ ಸ್ಪ್ಯಾನರ್ ಜಾರಿ ಚಾಸಿಗೆ ತಾಗಿದರೂ ಕಿಡಿ ಬರದು. ಎಲ್ಲ ಮುಗಿದು ಎಂಜಿನ್ ಮಧ್ಯಮ ವೇಗದಲ್ಲಿರುವಾಗ ಬ್ಯಾಟರಿ ಕಂಬಗಳ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. 13ಕ್ಕಿಂತ ಕಡಿಮೆ ಇದ್ದರೆ ಬೆಲ್ಟ್ ಮತ್ತು ವಾರ್ನಿಂಗ್ ಬಲ್ಬ್ ನೋಡಿ, 14.8 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಎಂಜಿನ್ ಓಡುತ್ತಿರುವಾಗ 'ಚಾರ್ಜ್ ಆಗುತ್ತಿದೆಯೇ ನೋಡೋಣ' ಎಂದು ಬ್ಯಾಟರಿ ಕೇಬಲ್ ಕೀಳುವುದು ಡೈನಮೊ ಕಾಲದ ಅಭ್ಯಾಸ. ಆಲ್ಟರ್ನೇಟರ್‌ನಲ್ಲಿ ಹಾಗೆ ಮಾಡಿದರೆ ಡಯೋಡ್‌ಗಳು ಹೋಗಬಹುದು. ಟ್ರ್ಯಾಕ್ಟರ್ ಮೇಲೆ ವೆಲ್ಡಿಂಗ್ ಮಾಡಿಸುವಾಗಲೂ ಆಲ್ಟರ್ನೇಟರ್ ವೈರ್ ಬಿಚ್ಚಿಡಿ.

ಸ್ಪ್ರೇ ಪಂಪಿಗೆ ಕೀ ಸ್ವಿಚ್‌ನಿಂದ ಕರೆಂಟ್ ತೆಗೆಯಬೇಡಿ, ಆ ಹಳೆಯ ಸ್ವಿಚ್ ತಡೆಯದು. ಬ್ಯಾಟರಿಯಿಂದ ನೇರ 2.5 ಚದರ ಮಿಲಿಮೀಟರ್ ವೈರ್, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ನಡುವೆ 30 ಆಂಪಿಯರಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್). ಕೀ ಸ್ವಿಚ್ ಆ ರಿಲೇಯನ್ನು ಮಾತ್ರ ಎಳೆಯಲಿ. ಕೀ ತೆಗೆದರೆ ಪಂಪ್ ನಿಲ್ಲುತ್ತದೆ, ಮರೆತು ಹೋದರೂ ಬ್ಯಾಟರಿ ಖಾಲಿಯಾಗುವುದಿಲ್ಲ.